ಆರು ಸೆಕೆಂಡು, ನೂರಾ ನಲವತ್ತೊಂದು ಟನ್ನು

ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮುಗಿಯಿತು. ಥಾಯ್ಲೆಂಡಿನ ರಾಜರ ಕೈಯಿಂದ ನಿಮಗೆ ಪದವಿ ಸಿಕ್ಕಾಯಿತು, ಹಿಂದಿನವರಿಗೆ ಜಾಗ ಬಿಡಿ. ಈ ಆರು ಸೆಕೆಂಡಿನೊಳಗೆ ಮುಂದೆ ಬರಬೇಕು, ತಲೆ ಬಾಗಬೇಕು, ಬಲಗೈ ಚಾಚಿ ಮಣಿಕಟ್ಟನ್ನು ಒಮ್ಮೆ ಸಣ್ಣಗೆ ಚಿಮ್ಮಿಸಿ ಪ್ರಮಾಣಪತ್ರ ಹಿಡಿಯಬೇಕು, ಅದನ್ನು ಎದೆಯ ಹತ್ತಿರಕ್ಕೆ ತಂದುಕೊಂಡು ಹಿಂದಕ್ಕೆ ಸರಿಯಬೇಕು. ನಮ್ಮ ಘಟಿಕೋತ್ಸವಗಳಲ್ಲಿ ಮುಖ್ಯ ಅತಿಥಿಯ ಪರಿಚಯ ಓದುವುದಕ್ಕೇ ಐದು ನಿಮಿಷ ಬೇಕು. ಅಷ್ಟರಲ್ಲಿ ಅಲ್ಲಿ 50 ಜನ ಪದವೀಧರರಾಗಿ ಹೋಗಿರುತ್ತಾರೆ.

ಥಾಯ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವಿಯನ್ನು ರಾಜರೇ, ಇಲ್ಲವೇ ಅವರ ಮನೆತನದವರು, ಬಂದು ಕೊಡುವುದು ಪದ್ಧತಿ. ಬಿ.ಎ. ಮಾಡಿದ ಹುಡುಗನಿಗೂ, ಬಿ.ಎಸ್ಸಿ. ಮಾಡಿದ ಹುಡುಗಿಗೂ. ಚಿನ್ನದ ಪದಕ ಪಡೆದ ಹತ್ತಿಪ್ಪತ್ತು ಜನರಿಗೆ ವೇದಿಕೆ, ಉಳಿದವರಿಗೆಲ್ಲ ಕೌಂಟರಿನಲ್ಲಿ ಲಕೋಟೆ ಎನ್ನುವ ನಮ್ಮ ಏರ್ಪಾಡು ಅಲ್ಲಿಲ್ಲ. ಹಾಗಾಗಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ರಾಜರ ಆಗಮನ ಶತಮಾನಕ್ಕೊಮ್ಮೆ ಬರುವ ಸಂಭ್ರಮ ಅಲ್ಲ, ವರ್ಷ ವರ್ಷ ಬರುವ ಕೆಲಸ.

ಶುರುವಾದದ್ದು ಮಾತ್ರ ತೀರ ಸಣ್ಣದಾಗಿ. ಬ್ಯಾಂಕಾಕಿನ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯ ಹುಟ್ಟಿದ್ದು 1917ರ ಮಾರ್ಚ್ 26ರಂದು. ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕಿಂತ ಎಂಟು ತಿಂಗಳಿಗೆ ಒಂದೇ ಒಂದು ದಿನ ಕಡಿಮೆ ವಯಸ್ಸು. ನಮ್ಮದು 1916ರ ಜುಲೈ 27. ಇಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಕುಲಾಧಿಪತಿ, ಅಲ್ಲಿ ತಂದೆಯ ಹೆಸರಿನಲ್ಲಿ ವಿಶ್ವವಿದ್ಯಾಲಯ ಕಟ್ಟಿದ ರಾಜ ವಜಿರಾವುಧ್. 1930ರ ಅಕ್ಟೋಬರ್ 25ರಂದು ರಾಜ ಪ್ರಜಾಧಿಪೋಕ್ ಅಲ್ಲಿಗೆ ಬಂದು ಮೊದಲ ಸಲ ಪದವಿ ಕೊಟ್ಟರು. ಪಡೆದವರು 34 ಜನ, ಎಲ್ಲರೂ ವೈದ್ಯರು. ಆರು ಸೆಕೆಂಡಿನ ಲೆಕ್ಕ ಹಿಡಿದರೆ ಮೂರು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಒಲೆಯ ಮೇಲಿಟ್ಟ ಕಾಫಿ ನೀರು ಕುದಿ ಬರುವ ಮೊದಲೇ ಇಡೀ ದೇಶದ ಘಟಿಕೋತ್ಸವ ಮುಗಿದುಹೋಗಿತ್ತು ಅನ್ನಿ.

ಇಪ್ಪತ್ತು ವರ್ಷ ದಾಟಿ ಬನ್ನಿ. 1950ರಲ್ಲಿ ಪಟ್ಟಾಭಿಷೇಕ ಆದ ಕೂಡಲೇ ರಾಜ ಭೂಮಿಬೋಲ್ ಅದುಲ್ಯದೇಜ್ ಅದೇ ಚುಲಾಲೊಂಗ್‌ಕಾರ್ನ್‌ಗೆ ಬಂದರು. ಆಗ ಅವರ ವಯಸ್ಸು 22. ಅವರ ಕೈಯಿಂದ ಪದವಿ ಪಡೆಯಲು ನಿಂತವರಲ್ಲಿ ಎಷ್ಟೋ ಜನ ಅವರ ಓರಗೆಯವರೇ. ಅಂದು ಚಾಚಿದ ಆ ಕೈ ಮುಂದೆ ಹಲವು ದಶಕ ಹಿಂದಕ್ಕೆ ಸರಿಯಲಿಲ್ಲ.

ಬೇರೆ ಕಡೆಯ ರಾಜರು ಎಷ್ಟು ಸಲ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದರು ಎಂಬುದು ಗೊತ್ತಿದ್ದರೆ ಇದರ ಅಗಾಧತೆ ಹೊಳೆಯುತ್ತದೆ. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯನ್ನು ತೆಗೆದುಕೊಳ್ಳಿ. 44 ವರ್ಷ ಆಳಿದಳು. ದೇಶದಲ್ಲಿದ್ದದ್ದೇ ಎರಡು ವಿಶ್ವವಿದ್ಯಾಲಯ. 1564ರಲ್ಲಿ ಕೇಂಬ್ರಿಜ್, 1566ರಲ್ಲಿ ಆಕ್ಸ್‌ಫರ್ಡ್, ಮತ್ತೆ 1592ರಲ್ಲಿ ಆಕ್ಸ್‌ಫರ್ಡ್. ಒಟ್ಟು ಮೂರು ಸಲ. ಆ ಮೂರು ಸಲಕ್ಕೇ ಏನು ಗಡಿಬಿಡಿ! ಕೇಂಬ್ರಿಜ್‌ನಲ್ಲಿ ಆಗ ಇದ್ದದ್ದೇ ಸುಮಾರು ಸಾವಿರದ ಇನ್ನೂರು ಜನ, ಗುರುಗಳೂ ಶಿಷ್ಯರೂ ಸೇರಿ. ಅಷ್ಟು ಜನರನ್ನು ಸಾಲಾಗಿ ಮಂಡಿಯೂರಿಸಿ ಲ್ಯಾಟಿನ್ನಿನಲ್ಲಿ ಜೈಕಾರ ಹಾಕಿಸಿದರು. ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಒಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ನಾಟಕದ ಅಟ್ಟಣೆ ಕಟ್ಟಿದರು. ಕಟ್ಟಡದ ಅಗಲವೇ 12 ಮೀಟರು. ಐದು ದಿನದ ಭೇಟಿಗೆ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ತಾನೇ ಮುಂಚಿತವಾಗಿ ಹೋಗಿ ಮೇಲ್ವಿಚಾರಣೆ ನಡೆಸಿದ. ವಿಶ್ವವಿದ್ಯಾಲಯದ ಕುಲಾಧಿಪತಿಯೂ ಅವನೇ. ಎರಡು ವರ್ಷದ ನಂತರ ಆಕ್ಸ್‌ಫರ್ಡಿನಲ್ಲಿ ನಾಟಕ ನೋಡಲು ನುಗ್ಗಿದ ಜನರ ಒತ್ತಡಕ್ಕೆ ಗೋಡೆ ಕುಸಿದು ಮೂವರು ಸತ್ತರು. ನಾಟಕ ಮಾತ್ರ ನಿಲ್ಲಲಿಲ್ಲ.

ಮೂರು ಭೇಟಿಗೆ ಇಷ್ಟು. ಭೂಮಿಬೋಲ್ ಅವರ ಭೇಟಿಗಳನ್ನು ಥಾಯ್ ಪತ್ರಿಕೆಯೊಂದು ಒಮ್ಮೆ ಎಣಿಸಿತು. ಪದವಿ ಕೊಡಲೆಂದೇ ಅವರು ಹೋಗಿ ಕೂತದ್ದು 490 ಸಲ. ಎಲಿಜಬೆತ್ ರಾಣಿ ಅದೇ ವೇಗದಲ್ಲಿ ಭೇಟಿ ಮುಂದುವರಿಸಿ 490 ಮುಟ್ಟಬೇಕಾದರೆ ಏಳು ಸಾವಿರ ವರ್ಷಕ್ಕೂ ಹೆಚ್ಚು ಆಳಬೇಕಿತ್ತು.

ಅದೇ ಪತ್ರಿಕೆಯ ಉಳಿದ ಲೆಕ್ಕವನ್ನು ಉಸಿರು ಬಿಗಿಹಿಡಿದು ಓದಿ. ಒಂದು ಸಲಕ್ಕೆ ಸುಮಾರು ಮೂರು ಗಂಟೆ ಕೂರುವುದು. ಒಟ್ಟು ಕೈ ಚಾಚಿದ್ದು 4,70,000 ಸಲ. ಒಂದೊಂದು ಪ್ರಮಾಣಪತ್ರದ ತೂಕ 300 ಗ್ರಾಂ. ರಾಜರ ಕೈಯಿಂದ ದಾಟಿದ ಒಟ್ಟು ಭಾರ 141 ಟನ್ನು.

ಮೊದಲು ಕೂತ ಗಂಟೆಗಳನ್ನು ನೋಡೋಣ. 490 ಸಲ ಮೂರು ಗಂಟೆ ಎಂದರೆ 1,470 ಗಂಟೆ. ಹಗಲು ರಾತ್ರಿ ಏಳದೆ ಕೂತರೆ 61 ದಿನ. ಯುಗಾದಿಯ ದಿನ ಕೂತವರು ಜ್ಯೇಷ್ಠ ಮಾಸ ಹುಟ್ಟಿದ ಮೇಲೆ ಎದ್ದಂತೆ. ನಮ್ಮ ಕಚೇರಿಗಳ ಹಾಗೆ ದಿನಕ್ಕೆ ಎಂಟು ಗಂಟೆ ಹಿಡಿದರೆ 184 ದಿನದ ಕೆಲಸ. ಅಷ್ಟೂ ದಿನ ಮಾಡುವ ಕೆಲಸ ಒಂದೇ: ಎಡಗಡೆಯಿಂದ ಬಂದದ್ದನ್ನು ಬಲಗಡೆಗೆ ಕೊಡುವುದು.

ಇನ್ನು ಕೈಗಳು. ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1907ರ ಹೊಸ ವರ್ಷದ ದಿನ ಶ್ವೇತಭವನದಲ್ಲಿ 8,513 ಜನರ ಕೈ ಕುಲುಕಿದರು. ಅದು ಗಿನ್ನೆಸ್ ಪುಸ್ತಕಕ್ಕೆ ಸೇರಿದ ದಾಖಲೆ. ರೂಸ್‌ವೆಲ್ಟ್ ಭೂಮಿಬೋಲರನ್ನು ಹಿಡಿಯಬೇಕಾದರೆ ಅಂಥ ಹೊಸ ವರ್ಷದ ದಿನಗಳು 55ಕ್ಕೂ ಹೆಚ್ಚು ಬೇಕು. ಅಮೆರಿಕದ ಯಾವ ಅಧ್ಯಕ್ಷರಿಗೂ ಅಷ್ಟು ಜನವರಿ ಒಂದನೇ ತಾರೀಖು ಸಿಕ್ಕುವುದಿಲ್ಲ.

4,70,000 ಜನ ಎಂದರೆ ಎಷ್ಟು? 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.35 ಲಕ್ಷ. ದಾವಣಗೆರೆಯ ಅಜ್ಜಅಜ್ಜಿಯರಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರಿಗೂ ಗೌನು ತೊಡಿಸಿ ವೇದಿಕೆ ಹತ್ತಿಸಿದರೂ ಇನ್ನೂ 35 ಸಾವಿರ ಪ್ರಮಾಣಪತ್ರ ಉಳಿಯುತ್ತವೆ. ಒಬ್ಬೊಬ್ಬರಿಗೆ ಮುಕ್ಕಾಲು ಮೀಟರ್ ಜಾಗ ಕೊಟ್ಟು ಸಾಲು ನಿಲ್ಲಿಸಿ ನೋಡಿ. 352 ಕಿಲೋಮೀಟರು ಆಗುತ್ತದೆ. ಸಾಲಿನ ತಲೆ ಬೆಂಗಳೂರಿನಲ್ಲಿದ್ದರೆ ನಡು ಹಾಸನ ದಾಟಿ, ಶಿರಾಡಿ ಘಾಟಿ ಇಳಿದು, ಬಾಲ ಮಂಗಳೂರಿನಲ್ಲಿ. ಬಾಲದ ತುದಿಯಲ್ಲಿ ನಿಂತ ವಿದ್ಯಾರ್ಥಿಗೆ ಆರು ಸೆಕೆಂಡಿಗೊಬ್ಬರಂತೆ ಸಾಲು ಸರಿದರೂ ಪಾಳಿ ಬರುವುದು 32 ದಿನ ಕಳೆದ ಮೇಲೆ. ಅದೂ ಮಧ್ಯೆ ಯಾರೂ ಊಟಕ್ಕೆ ಏಳದಿದ್ದರೆ.

ಪಟ್ಟಾಭಿಷೇಕ ತಡವಾಗಿ ಆದರೂ ಭೂಮಿಬೋಲ್ ಆಳಿದ್ದು 1946ರ ಜೂನ್ 9ರಿಂದ 2016ರ ಅಕ್ಟೋಬರ್ 13ರವರೆಗೆ, 70 ವರ್ಷ ನಾಲ್ಕು ತಿಂಗಳು. ದಿನದ ಲೆಕ್ಕದಲ್ಲಿ ಸುಮಾರು 25,700. ಪಟ್ಟಕ್ಕೆ ಬಂದ ದಿನದಿಂದ ಕಣ್ಣು ಮುಚ್ಚಿದ ದಿನದವರೆಗೆ, ಭಾನುವಾರ, ಹಬ್ಬ, ಜ್ವರ, ವಿದೇಶ ಪ್ರವಾಸ ಯಾವುದನ್ನೂ ಬಿಡದೆ ದಿನಕ್ಕೆ 18 ಪದವಿ ಹಂಚಿದ ಹಾಗಾಯಿತು. ಎದ್ದ ತಕ್ಷಣ ಹಲ್ಲುಜ್ಜಿ ಹದಿನೆಂಟು ಪದವಿ ಕೊಟ್ಟು ಆಮೇಲೆ ಕಾಫಿ.

ಈಗ 141 ಟನ್ನಿಗೆ ಬರೋಣ. ನನಗೆ ಅತ್ಯಂತ ಇಷ್ಟವಾದ ಅಂಕಿ ಇದು. ಒಂದು ಕಾಗದ, ಒಂದು ಹೊದಿಕೆ, ಮುನ್ನೂರು ಗ್ರಾಂ. ಒಂದು ತೆಂಗಿನಕಾಯಿಯ ತೂಕವೂ ಇಲ್ಲ. ಒಂದು ಸಮಾರಂಭದಲ್ಲಿ ಸರಾಸರಿ 959 ಜನ. ತೂಕ 288 ಕೆ.ಜಿ. ಇಪ್ಪತ್ತೈದು ಕೆ.ಜಿ.ಯ ಹನ್ನೊಂದೂವರೆ ಅಕ್ಕಿ ಮೂಟೆಗಳನ್ನು ಕುರ್ಚಿಯಲ್ಲಿ ಕೂತೇ, ಮುನ್ನೂರು ಮುನ್ನೂರು ಗ್ರಾಮಿನ ಕಂತಿನಲ್ಲಿ, ಮುಖದ ಮೇಲೆ ಸುಸ್ತು ಕಾಣಿಸದಂತೆ ಎತ್ತಿ ಕೊಡಬೇಕು. ಮಾರನೆಯ ದಿನ ಇನ್ನೊಂದು ವಿಶ್ವವಿದ್ಯಾಲಯ, ಇನ್ನು ಹನ್ನೊಂದೂವರೆ ಮೂಟೆ. ಕೊನೆಗೆ ಕೂಡಿಸಿದರೆ ನಾಲ್ಕು ಟನ್ನಿನ 35 ಆನೆ. ಬೆಂಗಳೂರಿನಿಂದ ಹೊರಡುವ ದೂರದ ರೈಲುಗಳನ್ನು ಎಳೆಯುವ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ ತೂಗುವುದು 123 ಟನ್ನು. ರಾಜರು ಕೊಟ್ಟ ಕಾಗದ ಅದಕ್ಕಿಂತ 18 ಟನ್ನು ಹೆಚ್ಚು. ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕೆ.ಜಿ. ಎನ್ನುತ್ತಾರೆ. ಅದನ್ನು ಹೊರಲು ಆನೆಯೇ ಬೇಕು, ಅದೂ ವರ್ಷಕ್ಕೊಂದೇ ಸಲ. 141 ಟನ್ನಿನಲ್ಲಿ ಅಂಥ 188 ಅಂಬಾರಿ. ಹೊತ್ತದ್ದು ಒಬ್ಬ ಮನುಷ್ಯನ ಬಲಗೈ.

ಪೇರಿಸಿ ನೋಡುವ ಆಸೆಯೂ ಆಗುತ್ತದೆ. ಹೊದಿಕೆ ಸೇರಿ ಒಂದೊಂದು ಒಂದು ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. 4,700 ಮೀಟರು. ಥಾಯ್ಲೆಂಡಿನ ಅತಿ ಎತ್ತರದ ಶಿಖರ ದೋಯ್ ಇಂಥನೋನ್ 2,565 ಮೀಟರು. ಅದರ ನೆತ್ತಿಯ ಮೇಲೆ ನಮ್ಮ ಮುಳ್ಳಯ್ಯನಗಿರಿಯನ್ನು ಇಟ್ಟರೂ ಪ್ರಮಾಣಪತ್ರದ ಗೋಪುರ ಇನ್ನೂರು ಮೀಟರ್ ಮೇಲೆ ಇಣುಕುತ್ತಿರುತ್ತದೆ.

ಇಷ್ಟು ಯಾಂತ್ರಿಕವಾದ ಕೆಲಸದಲ್ಲಿ ಕೊಡುವವರ ಗಮನ ಎಲ್ಲಿರುತ್ತದೆ ಎಂದು ಕೇಳಬಹುದು. ಥಾಯ್ ಜನ ಇಂದಿಗೂ ಹೇಳಿಕೊಳ್ಳುವ ಮಾತೊಂದಿದೆ. ಪ್ರಮಾಣಪತ್ರಕ್ಕೆ ಕಟ್ಟಿದ ರಿಬ್ಬನ್ ಬಿಚ್ಚಿಕೊಂಡಿದ್ದರೆ ರಾಜರು ಅಲ್ಲೇ ಅದನ್ನು ಮತ್ತೆ ಕಟ್ಟುತ್ತಿದ್ದರಂತೆ. ದಿನಗಟ್ಟಲೆ ಜೋಡಿಸಿಟ್ಟ ಕಟ್ಟಿನ ಮೇಲೆ ಧೂಳು ಕೂತಿದ್ದರೆ ಕೈಯಿಂದ ಒರೆಸಿ ಕೊಡುತ್ತಿದ್ದರಂತೆ. ಒಂದು ಸಂಗತಿ ನೆನಪಿರಲಿ: 1948ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆದ ಕಾರು ಅಪಘಾತದಲ್ಲಿ ಅವರ ಬಲಗಣ್ಣಿನ ದೃಷ್ಟಿ ಹೋಗಿತ್ತು. ಒಂದೇ ಕಣ್ಣು, ಆರೇ ಸೆಕೆಂಡು, ಅದರೊಳಗೆ ರಿಬ್ಬನ್ನಿನ ಗಂಟು.

ಆ ರಿಬ್ಬನ್ನುಗಳನ್ನು ಮೊದಲು ಕಟ್ಟಿದವರು ಯಾರು? ಪತ್ರಿಕೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ನನ್ನ ಲೆಕ್ಕ ಶುರುವಾಗುವುದೇ ಇಲ್ಲಿ. 141 ಟನ್ನು ಎಂದು ಎಲ್ಲರೂ ಬಾಯಿ ಬಿಡುವುದು ರಾಜರ ಕುರ್ಚಿಯ ಕಡೆ ನೋಡಿ. ನಿಜವಾಗಿ ತಲೆ ತಿರುಗಿಸುವ ಅಂಕಿಗಳು ಇರುವುದು ಮೇಜಿನ ಈಚೆ ಕಡೆ, ತಯಾರಿ ನಡೆಸುವವರ ಕಡೆ.

ರಿಬ್ಬನ್ನಿನಿಂದಲೇ ಆರಂಭಿಸಿ. ಒಂದು ಕಟ್ಟಿಗೆ ಒಂದು ಮೀಟರ್ ಹಿಡಿದರೆ 470 ಕಿಲೋಮೀಟರ್ ರಿಬ್ಬನ್. ಬೆಂಗಳೂರಿನಲ್ಲಿ ಒಂದು ತುದಿ ಕಟ್ಟಿ ಬಿಚ್ಚುತ್ತ ಹೋದರೆ ತುಮಕೂರು, ಚಿತ್ರದುರ್ಗ, ಹಾವೇರಿ, ಹುಬ್ಬಳ್ಳಿ, ಧಾರವಾಡ ಎಲ್ಲ ದಾಟಿ ಬೆಳಗಾವಿಯ ಹತ್ತಿರ ಮುಗಿಯುತ್ತದೆ. ಗಂಟು 4,70,000. ಒಂದು ಗಂಟಿಗೆ ಅರ್ಧ ನಿಮಿಷ ಸಾಕು ಎಂದರೂ 3,900 ಗಂಟೆಯ ಮೇಲೆ. ರಾಜರು ಕೂತದ್ದರ ಎರಡೂವರೆ ಪಟ್ಟಿಗೂ ಹೆಚ್ಚು ಹೊತ್ತು ಯಾರೋ ಗುಮಾಸ್ತರು ಎಲ್ಲೋ ಕೋಣೆಯಲ್ಲಿ ಕೂತು ಬರೀ ಗಂಟು ಹಾಕಿದ್ದಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಆಮೇಲೆ ಸಾಲು. ವೇದಿಕೆಯ ಮೇಲೆ ಮೂರು ಸಂಗತಿ ಒಂದೇ ಕ್ಷಣದಲ್ಲಿ ಕೂಡಬೇಕು: ಮೈಕಿನಲ್ಲಿ ಓದುವ ಹೆಸರು, ರಾಜರ ಕೈಗೆ ಬರುವ ಕಾಗದ, ಎದುರಿಗೆ ಬರುವ ಮುಖ. 959 ಜನರ ಸಾಲಿನಲ್ಲಿ ಹತ್ತನೆಯವರು ಅಂದು ಬೆಳಿಗ್ಗೆ ಹೊಟ್ಟೆನೋವೆಂದು ಮನೆಯಲ್ಲೇ ಉಳಿದರು, ಅವರ ಕಾಗದವನ್ನು ಕಟ್ಟಿನಿಂದ ತೆಗೆಯಲು ಯಾರೋ ಮರೆತರು ಅಂದುಕೊಳ್ಳಿ. ಮುಂದಿನ 949 ಜನಕ್ಕೂ ಬೇರೆಯವರ ಪದವಿ! ಎಂಜಿನಿಯರ್ ಹುಡುಗನಿಗೆ ದಂತವೈದ್ಯೆಯ ಪ್ರಮಾಣಪತ್ರ. ಅದಕ್ಕೇ ಅಲ್ಲಿ ಹಾಜರಿ ಕೂಗುವುದು ಒಂದು ಸಲ ಅಲ್ಲ, ಮತ್ತೆ ಮತ್ತೆ. ಅದಕ್ಕೇ ತಾಲೀಮು.

ತಾಲೀಮಿನ ವೈಭವ ಏನು ಹೇಳಲಿ! ಮೊದಲು ವಿಭಾಗದ ಮಟ್ಟದ ಸಣ್ಣ ತಾಲೀಮು, ಆಮೇಲೆ ಇಡೀ ವಿಶ್ವವಿದ್ಯಾಲಯದ ದೊಡ್ಡ ತಾಲೀಮು. ರಾಜರ ಜಾಗದಲ್ಲಿ ಅಧ್ಯಾಪಕರೊಬ್ಬರು. ಅವರ ಮುಂದೆಯೇ ಎಲ್ಲರೂ ಬಾಗಬೇಕು, ಕೈ ಚಾಚಬೇಕು, ಮಣಿಕಟ್ಟು ಚಿಮ್ಮಿಸಬೇಕು. ಎಷ್ಟು ಹೆಜ್ಜೆ, ಎಲ್ಲಿ ನಿಲುಗಡೆ, ಬಾಗಿದಾಗ ಕಣ್ಣು ಎಲ್ಲಿ, ಎಲ್ಲಕ್ಕೂ ವಿಧಿ ಇದೆ. ಬಣ್ಣ ಹಾಕಿದ ಕೂದಲು ಮತ್ತೆ ಕಪ್ಪಾಗಬೇಕು. ಉಗುರುಬಣ್ಣ ಅಳಿಯಬೇಕು. ಹುಡುಗರ ಕ್ರಾಪಿಗೆ ಅಳತೆ, ಹುಡುಗಿಯರ ಷೂಗೆ ಅಳತೆ. ಚುಲಾಲೊಂಗ್‌ಕಾರ್ನ್‌ನವರಾದರೆ ಪಾಶ್ಚಾತ್ಯ ಕಪ್ಪು ಗೌನಲ್ಲ, ಹಳೆಯ ಥಾಯ್ ದರ್ಬಾರಿನ ಮಾದರಿಯ ತೆಳು ಬಲೆಯ ನಿಲುವಂಗಿ; ಅದು ಸುಕ್ಕಾಗದಂತೆ ಗಂಟೆಗಟ್ಟಲೆ ಕೂರುವುದೇ ಒಂದು ವಿದ್ಯೆ. ಸಮಾರಂಭದ ದಿನ ಅಲಂಕಾರಕ್ಕೆ ಬೆಳಗಿನ ಜಾವ ಎರಡು ಮೂರು ಗಂಟೆಗೇ ಎದ್ದವರು ಎಷ್ಟೋ. ಮೊಬೈಲು ಹೊರಗೆ, ಕ್ಯಾಮೆರಾ ಹೊರಗೆ. ರಾಜರು ಬರುವುದಕ್ಕೆ ಗಂಟೆಗಳ ಮೊದಲೇ ಸಭಾಂಗಣದ ಒಳಗೆ. ಒಮ್ಮೆ ಕೂತ ಮೇಲೆ ಶೌಚಾಲಯದ ಆಸೆ ಬಿಡಬೇಕು. ನೀರು ಕುಡಿಯುವ ಮೊದಲು ಎರಡು ಸಲ ಯೋಚಿಸುವುದೂ ತಯಾರಿಯ ಒಂದು ಭಾಗವೇ.

ಇದಕ್ಕೆಲ್ಲ ಲೆಕ್ಕ ಹಾಕೋಣ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ವ್ಯತ್ಯಾಸ ಇದ್ದೇ ಇದೆ. ಎರಡು ದಿನ ತಾಲೀಮು, ಒಂದು ದಿನ ಸಮಾರಂಭ, ದಿನಕ್ಕೆ ಎಂಟು ಗಂಟೆ ಎಂದು ಹಿಡಿಯುತ್ತೇನೆ. ಒಬ್ಬರಿಗೆ 24 ಗಂಟೆ. ಅಂದರೆ ಆರು ಸೆಕೆಂಡಿಗಾಗಿ 86,400 ಸೆಕೆಂಡು, 14,400 ಪಟ್ಟು ತಯಾರಿ. ಮೂರು ಗಂಟೆಯ ಪರೀಕ್ಷೆಗೆ ಈ ಪ್ರಮಾಣದಲ್ಲಿ ಓದಬೇಕು ಎಂದಿದ್ದರೆ ನಮ್ಮ ಮಕ್ಕಳು ಒಂದೊಂದು ವಿಷಯಕ್ಕೂ ಸುಮಾರು ಐದು ವರ್ಷ ಕಣ್ಣು ಮುಚ್ಚದೆ ಓದಬೇಕಾಗುತ್ತಿತ್ತು.

ಒಬ್ಬರಿಗೆ 24 ಗಂಟೆ, ಎಂದರೆ ಸರಿಯಾಗಿ ಒಂದು ದಿನ. 4,70,000 ಜನರಿಗೆ 4,70,000 ದಿನ. ವರ್ಷಕ್ಕೆ ತಿರುಗಿಸಿದರೆ 1,287 ವರ್ಷ. ಒಬ್ಬನೇ ವಿದ್ಯಾರ್ಥಿ ಈ ಎಲ್ಲ ತಾಲೀಮನ್ನೂ ಹಗಲು ರಾತ್ರಿ ಒಬ್ಬಂಟಿಯಾಗಿ ಮಾಡಿ ಈ ಹೊತ್ತಿಗೆ ಮುಗಿಸಬೇಕೆಂದರೆ ಕ್ರಿ.ಶ. 740ರ ಸುಮಾರಿಗೆ ಶುರು ಮಾಡಿರಬೇಕಿತ್ತು. ಆಗ ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಆಳುತ್ತಿದ್ದ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸುತ್ತಿದ್ದಳು. ಅತ್ತ ಶಿಲ್ಪಿಗಳು ಮೊದಲ ಕಲ್ಲಿಗೆ ಉಳಿಯಿಟ್ಟ ದಿನ ಇತ್ತ ನಮ್ಮ ವಿದ್ಯಾರ್ಥಿ ಮಣಿಕಟ್ಟು ಚಿಮ್ಮಿಸಲು ಕಲಿಯತೊಡಗಿದ. ರಾಷ್ಟ್ರಕೂಟರು ಬಂದರು, ಹೋದರು. ಹೊಯ್ಸಳರು ಬಂದರು, ಹೋದರು. ವಿಜಯನಗರ ಎದ್ದಿತು, ಬಿದ್ದಿತು. ಅವನು ಇನ್ನೂ ಬಾಗುತ್ತಿದ್ದಾನೆ, ಏಳುತ್ತಿದ್ದಾನೆ, ಬಾಗುತ್ತಿದ್ದಾನೆ.

ರಾಜರ 1,470 ಗಂಟೆ ಒಂದು ತಟ್ಟೆಯಲ್ಲಿ, ವಿದ್ಯಾರ್ಥಿಗಳ 1 ಕೋಟಿ 12 ಲಕ್ಷದ 80 ಸಾವಿರ ಗಂಟೆ ಇನ್ನೊಂದು ತಟ್ಟೆಯಲ್ಲಿ. ರಾಜರ ಒಂದು ಗಂಟೆಗೆ ಪ್ರಜೆಗಳ 7,673 ಗಂಟೆ.

ಅರಮನೆಗೂ ಇದು ಗೊತ್ತಿರದ ಭಾರವೇನಲ್ಲ. ಪದವಿಯವರನ್ನು ಬಿಟ್ಟು ಸ್ನಾತಕೋತ್ತರದವರಿಗೆ ಮಾತ್ರ ಕೊಡಬಹುದಲ್ಲ ಎಂದು ಆಸ್ಥಾನದವರು ಒಮ್ಮೆ ಅರಿಕೆ ಮಾಡಿಕೊಂಡರಂತೆ. ಒಬ್ಬರಿಗೆ ನನ್ನ ಆರೇಳು ಸೆಕೆಂಡು ಹೋಗುತ್ತದೆ, ಅವರಿಗೆ ವರ್ಷಗಟ್ಟಲೆ ಸಂತೋಷ ಉಳಿಯುತ್ತದೆ, ಎರಡನ್ನೂ ಹೋಲಿಸಲಾಗದು ಎಂಬ ಅರ್ಥದ ಉತ್ತರ ಬಂತಂತೆ. ಲೆಕ್ಕದ ದೃಷ್ಟಿಯಿಂದಲೂ ಉತ್ತರ ಭದ್ರವಾಗಿದೆ. ಒಂದೇ ವರ್ಷದ ಸಂತೋಷ ಎಂದರೂ 3 ಕೋಟಿ 15 ಲಕ್ಷ ಸೆಕೆಂಡು. ಆರು ಹೂಡಿ ಮೂರು ಕೋಟಿ ಪಡೆಯುವ ವ್ಯವಹಾರ ಯಾವ ಚೀಟಿ ಫಂಡಿನಲ್ಲೂ ಇಲ್ಲ.

ಕಾಲ ಕಳೆದಂತೆ ವಿಶ್ವವಿದ್ಯಾಲಯಗಳು ಹೆಚ್ಚಿದವು, ಒಂದು ಜೋಡಿ ಕೈ ಸಾಲದಾಯಿತು. ರಾಜರ ಮಕ್ಕಳು ಪಾಲು ಹಂಚಿಕೊಂಡರು. ಚುಲಾಲೊಂಗ್‌ಕಾರ್ನ್‌ಗೆ ರಾಜಕುಮಾರಿ ಸಿರಿಂಧೋರ್ನ್. ಸಂಸ್ಕೃತ ಓದಿದವರು, 2017ರಲ್ಲಿ ಭಾರತ ಸರ್ಕಾರದ ಪದ್ಮಭೂಷಣ ಪಡೆದವರು. ಕೃಷಿ ವಿಶ್ವವಿದ್ಯಾಲಯವಾದ ಕಸೇತ್ಸಾರ್ತ್‌ಗೆ ರಾಜಕುಮಾರಿ ಚುಲಾಭೋರ್ನ್. ದೇಶದ ಮೂಲೆಮೂಲೆಯ ರಾಜಭಟ್ ವಿಶ್ವವಿದ್ಯಾಲಯಗಳಿಗೆ ಆಗಿನ ಯುವರಾಜ, ಈಗಿನ ರಾಜ ವಜಿರಲೊಂಗ್‌ಕಾರ್ನ್. ಇವರೆಲ್ಲ ಕೊಟ್ಟದ್ದು ಮೇಲಿನ 141 ಟನ್ನಿನಲ್ಲಿ ಸೇರಿಲ್ಲ! 1971ರಲ್ಲಿ ಆರಂಭವಾದ ರಾಮ್‌ಖಮ್‌ಹೇಂಗ್‌ನಂಥ ಮುಕ್ತ ಪ್ರವೇಶದ ವಿಶ್ವವಿದ್ಯಾಲಯದಲ್ಲಿ ಸಮಾರಂಭ ಒಂದು ದಿನಕ್ಕೆ ಮುಗಿಯುವುದೇ ಇಲ್ಲ, ದಿನಗಟ್ಟಲೆ ನಡೆಯುತ್ತದೆ. ಯಾಕೆಂದರೆ ಹತ್ತು ಸಾವಿರ ಜನರನ್ನು ಆರು ಸೆಕೆಂಡಿನಿಂದ ಗುಣಿಸಿದರೆ ಹದಿನಾರು ಗಂಟೆ ನಲವತ್ತು ನಿಮಿಷ.

ಎಲ್ಲರೂ ತಲೆಬಾಗಿ ಒಪ್ಪಿದ್ದಾರೆ ಎಂದಲ್ಲ. 2020ರ ಅಕ್ಟೋಬರ್ ಕೊನೆಯಲ್ಲಿ ಥಮ್ಮಸಾತ್ ವಿಶ್ವವಿದ್ಯಾಲಯಕ್ಕೆ ಈಗಿನ ರಾಜರು ಪದವಿ ಕೊಡಲು ಬಂದಾಗ, ಬೀದಿಯಲ್ಲಿ ವಿದ್ಯಾರ್ಥಿ ಚಳವಳಿ ಕಾವೇರಿತ್ತು. ಒಂದಷ್ಟು ಪದವೀಧರರು ಸಮಾರಂಭಕ್ಕೆ ಹೋಗದೆ ಉಳಿದರು. ಗೌನು, ಅಲಂಕಾರ, ಊರಿಂದ ಬರುವ ಮನೆಮಂದಿಯ ಖರ್ಚು ಎಲ್ಲ ಸೇರಿ ಬಡ ಕುಟುಂಬಕ್ಕೆ ಭಾರ ಎಂಬ ತಕರಾರೂ ಹೊಸದಲ್ಲ. ತಕರಾರಿನಲ್ಲಿ ಹುರುಳಿದೆ ಎಂದೇ ನನಗೆ ಅನಿಸುತ್ತದೆ.

ಇಷ್ಟೆಲ್ಲ ದೊಡ್ಡ ಅಂಕಿಗಳ ನಡುವೆ ಒಂದು ಪುಟ್ಟ ಅಂಕಿ: 19. ಅಷ್ಟು ಗಿಡಗಳನ್ನು ಭೂಮಿಬೋಲ್ ಮೂರು ವಿಶ್ವವಿದ್ಯಾಲಯಗಳ ಆವರಣದಲ್ಲಿ ತಮ್ಮ ಕೈಯಾರೆ ನೆಟ್ಟರು. 1962ರ ಜನವರಿ 15ರಂದು ಚುಲಾಲೊಂಗ್‌ಕಾರ್ನ್‌ನಲ್ಲಿ ಐದು ಮಳೆಮರ, ಹುವಾಹಿನ್ ಎಂಬ ಊರಿನಿಂದ ತಂದವು. 1963ರ ಫೆಬ್ರವರಿ 9ರಂದು ಥಮ್ಮಸಾತ್‌ನಲ್ಲಿ ಐದು ಗುಲ್‌ಮೊಹರ್. ಅದೇ ವರ್ಷ ನವೆಂಬರ್ 29ರಂದು ಕಸೇತ್ಸಾರ್ತ್‌ನಲ್ಲಿ ಒಂಬತ್ತು, ಹಳದಿ ಹೂವು, ತಾಮ್ರದ ಬಣ್ಣದ ಕಾಯಿ ಬಿಡುವ ಜಾತಿಯವು. ಮೂರೂ ಬೆಂಗಳೂರಿನ ರಸ್ತೆಗಳ ಪರಿಚಿತ ಮರಗಳೇ. ಕಬ್ಬನ್ ಪಾರ್ಕಿನ ಸುತ್ತ ಒಂದು ನಡಿಗೆ ಹೋದರೆ ಮೂರು ಥಾಯ್ ವಿಶ್ವವಿದ್ಯಾಲಯಗಳ ಲಾಂಛನವೃಕ್ಷಗಳನ್ನು ಒಂದೇ ಬೆಳಿಗ್ಗೆ ನೋಡಿ ಬರಬಹುದು. 300 ಗ್ರಾಮಿನ ಕಾಗದಕ್ಕೆ ಆರು ಸೆಕೆಂಡು ಕೊಟ್ಟವರು ಒಂದು ಗಿಡಕ್ಕೆ ಎಷ್ಟು ಕೊಟ್ಟರೋ, ಅದನ್ನು ಮಾತ್ರ ಯಾವ ಪತ್ರಿಕೆಯೂ ಎಣಿಸಿಲ್ಲ.

ಕಡೆಯ ಲೆಕ್ಕ ಎಲ್ಲಕ್ಕಿಂತ ಉದ್ದದ್ದು. ಸಭಾಂಗಣದ ಒಳಗೆ ಕ್ಯಾಮೆರಾ ಇಲ್ಲದ ಕಾರಣ ಮನೆಮಂದಿಯ ಫೋಟೊ ಹಬ್ಬ ನಡೆಯುವುದು ದೊಡ್ಡ ತಾಲೀಮಿನ ದಿನ. ಅಪ್ಪ, ಅಮ್ಮ, ಅಜ್ಜಿ, ಹೂಗುಚ್ಛ, ಹತ್ತಿ ತುಂಬಿದ ಕರಡಿ ಗೊಂಬೆ, ಒಂದೊಂದರ ಜೊತೆಗೂ ಒಂದೊಂದು ಫೋಟೊ. ರೀಲು ಹಾಕುತ್ತಿದ್ದ ಕಾಲದ ಲೆಕ್ಕವನ್ನೇ ಹಿಡಿಯೋಣ, ಒಬ್ಬರಿಗೆ 36 ಫೋಟೊದ ಒಂದೇ ರೀಲು. ಒಟ್ಟು 1 ಕೋಟಿ 69 ಲಕ್ಷ ಫೋಟೊ. ಒಂದೊಂದನ್ನೂ 15 ಸೆಂಟಿಮೀಟರ್ ಉದ್ದಕ್ಕೆ ಮುದ್ರಿಸಿ ಒಂದರ ಪಕ್ಕ ಒಂದು ಹಾಸಿಕೊಂಡು ಹೋದರೆ 2,538 ಕಿಲೋಮೀಟರು. ಬ್ಯಾಂಕಾಕ್ ಮತ್ತು ಬೆಂಗಳೂರು ಭೂಪಟದಲ್ಲಿ ಹೆಚ್ಚೂ ಕಡಿಮೆ ಒಂದೇ ಅಕ್ಷಾಂಶದ ಗೆರೆಯ ಮೇಲಿವೆ, ನಡುವಿನ ದೂರ ಸುಮಾರು 2,480 ಕಿಲೋಮೀಟರು. ಚುಲಾಲೊಂಗ್‌ಕಾರ್ನ್‌ನ ಗೇಟಿನಿಂದ ನೇರ ಪಶ್ಚಿಮಕ್ಕೆ ಹಾಸುತ್ತ ಬಂದರೆ ಫೋಟೊಗಳ ಸಾಲು ಅಂಡಮಾನ್ ದ್ವೀಪಗಳನ್ನು ದಾಟಿ, ಬಂಗಾಳ ಕೊಲ್ಲಿಯನ್ನು ದಾಟಿ, ಚೆನ್ನೈ ಮೇಲೆ ಹಾದು, ಬೆಂಗಳೂರಿಗೆ ಬಂದೂ ಮುಗಿಯದೆ ಇನ್ನೂ ಐವತ್ತು ಕಿಲೋಮೀಟರ್ ರಾಮನಗರದ ಕಡೆಗೆ ಹೋಗುತ್ತದೆ.

ಈ ಲೇಖನ ಓದಲು ನಿಮಗೆ ಕಾಲು ಗಂಟೆ ಹಿಡಿದಿದ್ದರೆ, ಅಷ್ಟರಲ್ಲಿ ಅಲ್ಲಿ 150 ಜನ ಪದವಿ ಪಡೆದು ಕೆಳಗಿಳಿದಿರುತ್ತಿದ್ದರು. ಕೈಯಿಂದ ದಾಟಿದ ಭಾರ 45 ಕೆ.ಜಿ.